ಶಾಣ್ಯಾ ಮಕ್ಕಳನ್ನು ಹುಡುಕಿದ ದಾರಿಗಳು

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ತಮ್ಮ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಅವರು ಯಾದಗಿರಿ ಕಡೆಯವರು. ಕೊಂಡಾಪುರದಲ್ಲಿ ಕಟ್ಟಡ ಏಳುವ ಕಡೆಯೆಲ್ಲ ಯಾದಗಿರಿ, ರಾಯಚೂರು, ಕಲಬುರಗಿಯ ಕನ್ನಡ ಕಿವಿಗೆ ಬೀಳುವುದು ಇಲ್ಲಿರುವ ನಮಗೆಲ್ಲ ಗೊತ್ತಿದ್ದದ್ದೇ. "ಅಕ್ಕೋರ, ಈ ನವೋದಯದ ಫಾರಂ ಒಂದಿಷ್ಟು ತುಂಬಿ ಕೊಡ್ರಿ. ಪೋರಿ ಭಾಳ ಶಾಣ್ಯಾ ಅದಾಳಂತ ಸಾಲ್ಯಾಗ ಟೀಚರ್ ಹೇಳ್ಯಾರ" ಎಂದರು.

ಹುಡುಗಿ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಅವಳು ಶಾಣ್ಯಾ ಎನ್ನುವುದಕ್ಕೆ ನನಗೆ ಟೀಚರ್ ಸಾಕ್ಷಿ ಬೇಕಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ನೀರಿನ ಟ್ಯಾಂಕರ್‌ಗಳ ಲೆಕ್ಕವನ್ನು ಅಪ್ಪನ ಬದಲು ಇವಳೇ ಇಡುತ್ತಿದ್ದಳು. ತಿಂಗಳ ಕೊನೆಗೆ ಬಂದ ಬಿಲ್ಲಿನಲ್ಲಿ ಎರಡು ಟ್ಯಾಂಕರ್ ಜಾಸ್ತಿ ಇವೆ ಎಂದು ಪುಸ್ತಕ ತೆಗೆಯದೆ ಬಾಯಲ್ಲೇ ಹೇಳಿದ್ದಳು. ಕಮಿಟಿಯವರು ಪುಸ್ತಕ ನೋಡಿದರು. ಎರಡು ಜಾಸ್ತಿಯೇ ಇದ್ದವು.

ಫಾರಂ ಆನ್‌ಲೈನ್. ಅರ್ಧ ಗಂಟೆಯ ಕೆಲಸ ಎಂದುಕೊಂಡು ಕೂತವಳು ಎರಡು ಕಡೆ ನಿಂತುಬಿಟ್ಟೆ. ಮಗು ಯಾವ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿದೆಯೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಬಹುದು. ಅಂದರೆ ಇವಳಿಗೆ ಯಾದಗಿರಿ ಜಿಲ್ಲೆ ಹೋಯಿತು, ರಂಗಾರೆಡ್ಡಿ ಉಳಿಯಿತು. ಎರಡನೆಯದು, ಗ್ರಾಮೀಣ ಮಕ್ಕಳಿಗೆ ಮೀಸಲಾದ ಸೀಟು ಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಇವಳು ಮೂರರವರೆಗೆ ಊರಲ್ಲಿ ಓದಿ, ನಾಲ್ಕಕ್ಕೆ ಇಲ್ಲಿಗೆ ಬಂದವಳು. ಕೊಂಡಾಪುರ ನಗರದೊಳಗಿನದು. ಸೀಟುಗಳಲ್ಲಿ ಕನಿಷ್ಠ ಶೇ. 75 ಗ್ರಾಮೀಣ ಮಕ್ಕಳಿಗೆ, ಉಳಿದದ್ದಕ್ಕೆ ನಗರದ ಮಕ್ಕಳ ಪೈಪೋಟಿ. ವಾಚ್‌ಮನ್ ಕೋಣೆಯ ಈ ಹುಡುಗಿ ನಮ್ಮ ಐಟಿ ಮಂದಿಯ ಮಕ್ಕಳ ಸಾಲಿನಲ್ಲಿ ನಿಲ್ಲಬೇಕು. ನಿಯಮ ಬರೆದವರ ಉದ್ದೇಶ ಒಳ್ಳೆಯದೇ. ಹಳ್ಳಿಯ ಮಗುವಿನ ಸೀಟನ್ನು ಪಟ್ಟಣದವರು ಕಸಿದುಕೊಳ್ಳಬಾರದು ಎಂಬುದು. ಆದರೆ ಕೂಲಿಗಾಗಿ ಊರು ಬಿಟ್ಟವರ ಮಗು ಎಲ್ಲಿಯದು ಎಂದು ಆ ನಿಯಮಕ್ಕೆ ತಿಳಿಯುವುದಿಲ್ಲ.

ಫಾರಂ ತುಂಬಿ ಕಳಿಸಿದೆವು. ಆದರೆ "ಶಾಣ್ಯಾ ಮಗು" ಎಂದು ಶಾಲೆಗಳು ಹೇಗೆ ಗುರುತಿಸುತ್ತವೆ, ಗುರುತಿಸಿದ ಮೇಲೆ ಏನು ಮಾಡುತ್ತವೆ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿತು. ಮಹಿಳಾ ವೇದಿಕೆಯ ಸಂಚಿಕೆಗೆ ಬರೆಯಿರಿ ಎಂದಾಗ ಇದನ್ನೇ ಬರೆಯೋಣ ಎನ್ನಿಸಿತು. ಹುಡುಕುತ್ತ ಹೋದಂತೆ ಈ ಕತೆಯ ಒಂದು ಮುಖ್ಯ ತಿರುವು ನಮ್ಮ ಕನ್ನಡದ ನೆಲದಲ್ಲೇ ಇದೆ ಎಂದು ತಿಳಿದು ಆಶ್ಚರ್ಯವಾಯಿತು.

ನಮ್ಮ ಹಿರಿಯರಿಗೆ ಇದಕ್ಕೆ ಪರೀಕ್ಷೆ ಬೇಕಿರಲಿಲ್ಲ. ಧಾರವಾಡದ ಕಡೆ ಶಾಣ್ಯಾ, ಹಳೇ ಮೈಸೂರಿನ ಕಡೆ ಚೂಟಿ, ಒಮ್ಮೆ ಕೇಳಿದ್ದನ್ನು ಮರೆಯದವನು ಏಕಸಂಧಿಗ್ರಾಹಿ. ಮಾಸ್ತರರಿಗೆ ಒಬ್ಬ ಹುಡುಗ ಕ್ಲಾಸಿಗೆ ಮೀರಿದವನು ಅನ್ನಿಸಿದರೆ ಡಬಲ್ ಪ್ರಮೋಷನ್ ಕೊಡುತ್ತಿದ್ದರು. ನಮ್ಮ ತಂದೆ ಎರಡನೇ ಇಯತ್ತೆಯಿಂದ ನೇರ ನಾಲ್ಕನೆಯದಕ್ಕೆ ಹೋದವರು, ಸಾಯುವವರೆಗೂ ಅದನ್ನು ಹೇಳುತ್ತಿದ್ದರು. ಇವತ್ತು ವಿದೇಶದ ಶಿಕ್ಷಣ ಪುಸ್ತಕಗಳಲ್ಲಿ ಪ್ರತಿಭಾವಂತ ಮಕ್ಕಳ ಯೋಜನೆಗಳ ಪಟ್ಟಿಯಲ್ಲಿ ಮೊದಲು ಬರುವುದೇ ಈ ಉಪಾಯ. ನಮ್ಮಲ್ಲಿ ಅದಕ್ಕೆ ಒಬ್ಬ ಮಾಸ್ತರರ ಕಣ್ಣು ಮತ್ತು ಹೆಡ್‌ಮಾಸ್ತರರ ಸಹಿ ಸಾಕಾಗಿತ್ತು. ಇದೇ ಮನೆಯಲ್ಲಿ ನಮ್ಮ ಅಜ್ಜಿ, ಅಂದರೆ ತಂದೆಯ ತಾಯಿ, ಪಾವಕಿ, ಸವಾಕಿ, ದೀಡಕಿ ಮಗ್ಗಿಗಳನ್ನೆಲ್ಲ ಬಾಯಲ್ಲಿ ಹೇಳಿ ದಲಾಲಿ ಅಂಗಡಿಯವರ ಲೆಕ್ಕ ತಿದ್ದುತ್ತಿದ್ದವರು. ಅವರಿಗೆ ಡಬಲ್ ಪ್ರಮೋಷನ್ ಇರಲಿ, ಮುಲ್ಕಿ ಪರೀಕ್ಷೆಗೇ ಕೂರಿಸಲಿಲ್ಲ. ಕಣ್ಣು ಇತ್ತು, ಆದರೆ ಅದು ಯಾರ ಮೇಲೆ ಬೀಳುತ್ತಿತ್ತು ಎಂಬುದು ಬೇರೆ ಮಾತು.

ಶಾಲೆಗೆ ಮಕ್ಕಳನ್ನು ಆರಿಸುವ ಇನ್ನೊಂದು ಹಳೆಯ ವಿಧಾನವೂ ಹೈದರಾಬಾದಿನಲ್ಲಿ ಇತ್ತು. ಹುಟ್ಟು ನೋಡುವುದು! ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲ್ 1923ರಲ್ಲಿ ಶುರುವಾದದ್ದು ಜಾಗೀರ್‌ದಾರ್ಸ್ ಕಾಲೇಜ್ ಎಂಬ ಹೆಸರಿನಲ್ಲಿ, ಜಾಗೀರುದಾರರ ಗಂಡುಮಕ್ಕಳಿಗಾಗಿ. ಜಾಗೀರುಗಳು ರದ್ದಾದ ಮೇಲೆ 1951ರಲ್ಲಿ ಈಗಿನ ಹೆಸರು ಬಂತು.

ಬುದ್ಧಿಯನ್ನು ಅಳೆಯುವ ಪರೀಕ್ಷೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1905ರಲ್ಲಿ. ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞ, ಥಿಯೊಡೋರ್ ಸಿಮೋನ್ ಎಂಬ ಯುವ ವೈದ್ಯನ ಜೊತೆ ಸೇರಿ ಅದನ್ನು ಮಾಡಿದ. ಬಿನೆ ಶುರು ಮಾಡಿದ್ದು ಮನೆಯಲ್ಲಿ. ತನ್ನ ಇಬ್ಬರು ಹೆಣ್ಣುಮಕ್ಕಳು ಒಂದೇ ವಸ್ತುವನ್ನು ನೋಡಿ ಬೇರೆ ಬೇರೆ ರೀತಿ ಹೇಳುವುದನ್ನು ವರ್ಷಗಟ್ಟಲೆ ಗಮನಿಸಿ ಬರೆದಿಟ್ಟಿದ್ದ. ಒಬ್ಬಳು ಕಂಡದ್ದನ್ನು ಕಂಡಂತೆ ಹೇಳುವವಳು, ಇನ್ನೊಬ್ಬಳು ಕಲ್ಪನೆ ಬೆರೆಸುವವಳು. ಇಬ್ಬರು ಮಕ್ಕಳಿರುವ ಯಾವ ತಾಯಿಗೂ ಇದು ಹೊಸ ಸುದ್ದಿಯಲ್ಲ ಬಿಡಿ. ಸರ್ಕಾರ ಅವನಿಗೆ ಕೇಳಿದ್ದು ಜಾಣ ಮಕ್ಕಳನ್ನು ಹುಡುಕು ಎಂದಲ್ಲ. ಪಾಠ ಹಿಂದೆ ಬೀಳುವ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸು ಎಂದು. ಬುದ್ಧಿ ಅನ್ನುವುದು ಹುಟ್ಟಿನಿಂದ ಇಷ್ಟೇ ಎಂದು ಅಚ್ಚೊತ್ತಿದ ಮೊತ್ತ ಎಂಬ ಮಾತನ್ನು ಬಿನೆ ಕೊನೆಯವರೆಗೂ ಒಪ್ಪಲಿಲ್ಲ. 1911ರಲ್ಲಿ ಅವನು ತೀರಿಕೊಂಡ ಮೇಲೆ ಪರೀಕ್ಷೆ ಅಮೆರಿಕದಲ್ಲಿ ಬೇರೆಯೇ ಬಣ್ಣ ಪಡೆಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ವಿಸ್ತರಿಸಿದ. ಐಕ್ಯೂ ಎಂಬ ಅಂಕಿ ಮನೆಮಾತಾಯಿತು. ಲೆಕ್ಕ ಸುಲಭ: ಎಂಟು ವರ್ಷದ ಮಗು ಹತ್ತು ವರ್ಷದವರು ಮಾಡುವಷ್ಟು ಮಾಡಿದರೆ 10ನ್ನು 8ರಿಂದ ಭಾಗಿಸಿ 100ರಿಂದ ಗುಣಿಸಿ, 125.

ಈ ಪರೀಕ್ಷೆ ಕನ್ನಡಕ್ಕೆ ಬಂದದ್ದು ಧಾರವಾಡದಲ್ಲಿ. ಡಾ. ವಿ. ವಿ. ಕಾಮತ್ ಎಂಬವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ, ಅದರ ವಿವರವನ್ನು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಅದಕ್ಕೇ ಅದಕ್ಕೆ ಮುಂಬಯಿ–ಕರ್ನಾಟಕ ಪರಿಷ್ಕರಣೆ ಎಂಬ ಹೆಸರು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಯ ಅಳತೆ ಕುರಿತ ಅವರ ಇಂಗ್ಲಿಷ್ ಪುಸ್ತಕವನ್ನು ಆಕ್ಸ್‌ಫರ್ಡ್ ಪ್ರೆಸ್ ಹೊರತಂದಿತು. ಲಾಹೋರಿನಲ್ಲಿ ಹರ್ಬರ್ಟ್ ರೈಸ್ ಎಂಬವರು 1922ರ ಹೊತ್ತಿಗೆ ಹಿಂದುಸ್ತಾನಿಯಲ್ಲಿ ಇಂಥ ಕೆಲಸ ಮಾಡಿದ್ದರು. ಆದರೆ ಇಂದಿಗೂ ದೇಶದ ತುಂಬ ಬಳಕೆಯಲ್ಲಿ ಉಳಿದದ್ದು ಧಾರವಾಡದ್ದು, ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ.

ಅನುವಾದ ಮಾಡಿದರೆ ಮುಗಿಯಿತು ಎನ್ನುವಂಥ ಕೆಲಸ ಅದಲ್ಲ. ಅಮೆರಿಕದ ಪರೀಕ್ಷೆಯಲ್ಲಿ ಆರು ವರ್ಷದ ಮಗುವಿಗೆ ನಾಲ್ಕು ನಾಣ್ಯ ತೋರಿಸಿ ಹೆಸರು ಕೇಳುತ್ತಾರೆ. ಆ ನಾಣ್ಯಗಳನ್ನೇ ನೋಡದ ನಮ್ಮ ಮಗುವಿಗೆ ಅದನ್ನು ಕೇಳಿ ಏನು ಪ್ರಯೋಜನ? ನಾಣ್ಯ ಬದಲಿಸಬಹುದು. ಆದರೆ ಬದಲಿಸಿದ ಮೇಲೆ ಆ ಪ್ರಶ್ನೆ ಆರು ವರ್ಷದವರದ್ದೇ ಆಗಿ ಉಳಿಯುತ್ತದೆಯೇ, ಐದಕ್ಕೆ ಇಳಿಯುತ್ತದೆಯೇ? ಒಂದು ಶಬ್ದ ಇಂಗ್ಲಿಷಿನಲ್ಲಿ ಸುಲಭ, ಕನ್ನಡದಲ್ಲಿ ಕಷ್ಟ ಇರಬಹುದು. ಮಕ್ಕಳ ಮುಂದೆ ಕೂತು ಕೇಳಿ ನೋಡಿಯೇ ಒಂದೊಂದು ಪ್ರಶ್ನೆಗೂ ಸರಿಯಾದ ವಯಸ್ಸಿನ ಮನೆ ಹುಡುಕಬೇಕು. ಮಗುವಿನ ಬುದ್ಧಿಯನ್ನು ಅದರ ಮನೆಮಾತಿನಲ್ಲೇ ಕೇಳಬೇಕು ಎಂಬ ತಿಳಿವಳಿಕೆ ತೊಂಬತ್ತು ವರ್ಷದ ಹಿಂದೆ ನಮ್ಮ ಊರಿನಲ್ಲಿತ್ತು. ಧಾರವಾಡದಲ್ಲೇ ಹುಟ್ಟಿ ಬೆಳೆದ ನನಗೆ ಮಾತ್ರ ಇದು ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಇಲ್ಲೇ, ಹೈದರಾಬಾದಿನಲ್ಲಿ. ಗೆಳತಿಯೊಬ್ಬಳ ಮಗನಿಗೆ ಮಾತು ತಡವಾಗಿತ್ತು. ತಪಾಸಣೆಗೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಮೇಜಿನ ಮೇಲೆ ಚಿತ್ರದ ಕಾರ್ಡುಗಳು, ಪಕ್ಕದಲ್ಲಿ ಕೈಪಿಡಿ, ಅದರ ಮೇಲೆ ಕಾಮತ್ ಎಂಬ ಹೆಸರು. ಇದು ಎಲ್ಲಿಯದು ಎಂದು ಕೇಳಿದರೆ ಆ ಹುಡುಗಿ, ಸೈಕಾಲಜಿಸ್ಟ್, "ಧಾರವಾಡದ್ದು ಮೇಡಂ" ಎಂದಳು! ಇಂದು ಈ ಪರೀಕ್ಷೆ ಹೆಚ್ಚಾಗಿ ನಡೆಯುವುದು ಆಸ್ಪತ್ರೆ ಮತ್ತು ಕ್ಲಿನಿಕ್ಕುಗಳಲ್ಲಿ, ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳ ತಪಾಸಣೆಗೆ. ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ 1984ರಿಂದ ಅಂಥ ಮಕ್ಕಳಿಗಾಗಿಯೇ ರಾಷ್ಟ್ರೀಯ ಸಂಸ್ಥೆಯೊಂದಿದೆ. ಬಿನೆ ಬಯಸಿದ ಕೆಲಸಕ್ಕೇ ಅವನ ಪರೀಕ್ಷೆ ನಮ್ಮಲ್ಲಿ ಬಂದು ನಿಂತಿದೆ, ಅದು ಸಮಾಧಾನದ ವಿಷಯ. ಆದರೆ ಅದೇ ಅಳತೆಗೋಲಿನ ಇನ್ನೊಂದು ತುದಿಯ ಮಕ್ಕಳನ್ನು ಹುಡುಕಲು ಯಾವ ಸರ್ಕಾರಿ ಶಾಲೆಯೂ ಅದನ್ನು ಕೈಗೆತ್ತಿಕೊಂಡದ್ದನ್ನು ನಾನು ಕಂಡಿಲ್ಲ.

ಮೈಸೂರನ್ನು ಬಿಟ್ಟರೆ ಆ ಕಡೆಯವರು ಬೇಜಾರು ಮಾಡಿಕೊಳ್ಳುತ್ತಾರೆ! ಅಲ್ಲಿ 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗ ಶುರುವಾಗಿತ್ತು. ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತುಬಂದ ಎಂ. ವಿ. ಗೋಪಾಲಸ್ವಾಮಿ. ಎಲ್ಲ ಬಗೆಯ ಬುದ್ಧಿಯ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂಬ ವಾದದ ಮೂಲಪುರುಷ ಸ್ಪಿಯರ್‌ಮನ್. ಗೋಪಾಲಸ್ವಾಮಿಯವರ ಹೆಸರು ನಮಗೆ ಗೊತ್ತಿರುವುದು ಮಾತ್ರ ಬೇರೆ ಕಾರಣಕ್ಕೆ: 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದವರು ಅವರೇ.

ಟರ್ಮನ್ ಕಡೆಗೆ ಮತ್ತೆ ಒಂದು ಗಳಿಗೆ. 1921ರಲ್ಲಿ ಅವನು ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚು ಐಕ್ಯೂ ಇರುವ ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಆರಿಸಿ ಅವರ ಬದುಕನ್ನೆಲ್ಲ ಹಿಂಬಾಲಿಸುವ ಅಧ್ಯಯನ ಶುರು ಮಾಡಿದ. ಆಯ್ಕೆಯ ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದವರಲ್ಲಿ ಇಬ್ಬರು ಹುಡುಗರಿದ್ದರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವಾರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆಯ್ಕೆಯಾದವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಲೀಟಾ ಹಾಲಿಂಗ್‌ವರ್ತ್ ಎಂಬ ಹೆಣ್ಣುಮಗಳಿದ್ದಳು. ಮದುವೆಯಾಗಿ ಆ ಊರಿಗೆ ಹೋದಾಗ ಅವಳಿಗೆ ಶಿಕ್ಷಕಿಯ ಕೆಲಸ ಸಿಗಲಿಲ್ಲ, ಯಾಕೆಂದರೆ ಮದುವೆಯಾದ ಹೆಂಗಸರು ಅಲ್ಲಿನ ಶಾಲೆಗಳಲ್ಲಿ ಪಾಠ ಮಾಡುವಂತಿರಲಿಲ್ಲ. ಮನೆಯಲ್ಲಿ ಕೂತು ಬೇಸತ್ತು, ಕೊನೆಗೆ ಓದಿ ಪಿಎಚ್‌.ಡಿ. ಮಾಡಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದಳು. ಅತಿ ಬುದ್ಧಿವಂತರೂ ಅತಿ ದಡ್ಡರೂ ಗಂಡಸರಲ್ಲೇ ಹೆಚ್ಚು, ಹೆಂಗಸರು ನಡುಮಟ್ಟದವರು ಎಂಬ ಅಂದಿನ ಪಂಡಿತರ ನಂಬಿಕೆಗೆ ಆಧಾರವಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದಳು. ನನಗೆ ಅವಳು ಮುಖ್ಯ ಅನ್ನಿಸುವುದು ಇನ್ನೊಂದು ಕಾರಣಕ್ಕೆ. ಟರ್ಮನ್ ಮಕ್ಕಳನ್ನು ಹುಡುಕಿ ಗಮನಿಸುತ್ತ ಹೋದ, ಇವಳು ಹುಡುಕಿದ ಮೇಲೆ ಪಾಠ ಏನು ಮಾಡಬೇಕು ಎಂದು ಕೇಳಿದಳು. ತುಂಬಾ ಚುರುಕಾದ ಮಗು ಸಾಮಾನ್ಯ ತರಗತಿಯಲ್ಲಿ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತದೆ, ಆ ಖಾಲಿ ಹೊತ್ತಿನಲ್ಲಿ ಸೋಮಾರಿತನ ಕಲಿಯುತ್ತದೆ ಎಂಬುದು ಅವಳ ಅನುಭವ. 1936ರಲ್ಲಿ ಸ್ಪೇಯರ್ ಶಾಲೆಯಲ್ಲಿ ಅಂಥ ಮಕ್ಕಳಿಗೆ ತರಗತಿಗಳನ್ನು ನಡೆಸಿದಳು. ಮುಂದಿನ ವರ್ಷದ ಪುಸ್ತಕವನ್ನು ಈ ವರ್ಷವೇ ತುರುಕಲಿಲ್ಲ. ಊಟ, ಬಟ್ಟೆ, ಮನೆ, ಸಾರಿಗೆ ಇಂಥ ದಿನನಿತ್ಯದ ಸಂಗತಿಗಳು ಹೇಗೆ ಬೆಳೆದುಬಂದವು ಎಂದು ಮಕ್ಕಳೇ ಹುಡುಕಿ ಕಲಿಯುವಂತೆ ಮಾಡಿದಳು.

ಹುಡುಕುವುದು ಬೇರೆ, ಹುಡುಕಿದ ಮೇಲೆ ಕಲಿಸುವುದು ಬೇರೆ ಎನ್ನುವುದಕ್ಕೆ ನಮ್ಮವರೇ ಆದ ಒಬ್ಬರ ಬಾಳು ಸಾಕ್ಷಿ. ಶಕುಂತಲಾ ದೇವಿ 1929ರಲ್ಲಿ ಬೆಂಗಳೂರಿನ ಕನ್ನಡ ಕುಟುಂಬದಲ್ಲಿ ಹುಟ್ಟಿದರು. ತಂದೆ ಸರ್ಕಸ್ ಕಲಾವಿದ. ಮಗಳಿಗೆ ಮೂರು ವರ್ಷವಿದ್ದಾಗ ಇಸ್ಪೀಟ್ ಎಲೆಗಳ ಆಟದಲ್ಲಿ ಅವಳ ನೆನಪಿನ ಶಕ್ತಿ ಕಂಡು ಬೆರಗಾದ ಅವರು, ಸರ್ಕಸ್ ಬಿಟ್ಟು ಅವಳ ಪ್ರದರ್ಶನಗಳನ್ನೇ ನಡೆಸತೊಡಗಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಸ್ಪಿಯರ್‌ಮನ್ನರ ಶಿಷ್ಯ ಇದ್ದ ವಿಶ್ವವಿದ್ಯಾಲಯ ಅದೇ ಎಂಬುದನ್ನು ನೆನೆಯಿರಿ! ಆ ಮಗುವನ್ನು ಗುರುತಿಸಲು ಯಾರೂ ಸೋಲಲಿಲ್ಲ. ಊರೂರು ಚಪ್ಪಾಳೆ ತಟ್ಟಿತು. ಆದರೆ ಅವಳಿಗೆ ಶಾಲೆಯ ಓದು ಮಾತ್ರ ಸಿಗಲಿಲ್ಲ. 1944ರಲ್ಲಿ ತಂದೆಯ ಜೊತೆ ಲಂಡನ್ನಿಗೆ ಹೋದರು. 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಗಿನ್ನೆಸ್ ಪುಸ್ತಕ ಸೇರಿತು. 1988ರಲ್ಲಿ ಬರ್ಕ್‌ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದಾಗ, ಬುದ್ಧಿಯ ವೇಗವನ್ನು ಅಳೆಯುವ ಸರಳ ಪರೀಕ್ಷೆಗಳಲ್ಲಿ ಅವರು ಅಸಾಧಾರಣವಾಗಿ ಕಾಣಲಿಲ್ಲವಂತೆ. ಲೆಕ್ಕ ಕೊಟ್ಟಾಗ ಮಾತ್ರ ಅವರು ಶಕುಂತಲಾ ದೇವಿ.

ನಮ್ಮ ಹೈದರಾಬಾದಿನವರಿಗೆ ಅವರ ಇನ್ನೊಂದು ನೆನಪೂ ಇರಬಹುದು. 1980ರ ಲೋಕಸಭಾ ಚುನಾವಣೆಯಲ್ಲಿ ಪಕ್ಕದ ಮೆದಕ್ ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರ ಎದುರು ಪಕ್ಷೇತರರಾಗಿ ನಿಂತು ಸೋತವರು ಅವರು. ಆ ಧೈರ್ಯವೂ ಒಂದು ಪ್ರತಿಭೆಯೇ ಎಂದು ನನ್ನ ಗಂಡ ನಗುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಹುಡುಕುವ ಕೆಲಸವನ್ನು ಪರೀಕ್ಷೆಗಳಿಗೆ ವಹಿಸಿತು. ಎನ್‌ಸಿಇಆರ್‌ಟಿ 1963ರಲ್ಲಿ ದೆಹಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳೊಂದಿಗೆ ವಿಜ್ಞಾನ ಪ್ರತಿಭಾ ಶೋಧ ಶುರು ಮಾಡಿತು. ಮರುವರ್ಷ ದೇಶಕ್ಕೆಲ್ಲ ಹಬ್ಬಿಸಿ 350 ಮಾಡಿತು. ಮುಂದೆ ಇದೇ ನಮ್ಮ ಕಾಲದ ಎನ್‌ಟಿಎಸ್‌ಇ. ನನ್ನ ಜೊತೆ ಓದಿದವರಲ್ಲಿ ಅದು ಬಂದವರು ಇಂದಿಗೂ ಅದನ್ನು ಹೇಳಿಕೊಳ್ಳುತ್ತಾರೆ. 2021ರ ನಂತರ ಅದು ನಿಂತಿದೆ. ವಿದ್ಯಾರ್ಥಿವೇತನ ಮಗುವಿಗೆ ಹಣ ಕೊಡುತ್ತದೆ, ಬೆನ್ನು ತಟ್ಟುತ್ತದೆ. ಮಾರನೇ ದಿನ ಮಗು ಅದೇ ಬೆಂಚಿಗೆ, ಅದೇ ಪಾಠಕ್ಕೆ ಹೋಗಿ ಕೂರಬೇಕು.

ಹುಡುಕಿದ ಮಗುವಿಗೆ ಜಾಗವನ್ನೇ ಬದಲಿಸಿ ಕೊಟ್ಟದ್ದು ಈ ತೆಲುಗು ನಾಡು. ಪಿ. ವಿ. ನರಸಿಂಹರಾವ್ ಮುಖ್ಯಮಂತ್ರಿಯಾದ 1971ರಲ್ಲೇ, ನವೆಂಬರಿನಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೈಲ್ ಎಂಬ ಹಳ್ಳಿಯಲ್ಲಿ ವಸತಿ ಶಾಲೆ ತೆರೆಯಿತು. ಬಡವರ ಮನೆಯ ಜಾಣ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ಊಟ ವಸತಿ ಕೊಟ್ಟು ಓದಿಸುವ ಶಾಲೆ. ಕರಾವಳಿ ಆಂಧ್ರಕ್ಕೆ ತಾಡಿಕೊಂಡ, ರಾಯಲಸೀಮೆಗೆ ಹಿಂದೂಪುರದ ಹತ್ತಿರದ ಕೊಡಿಗೇನಹಳ್ಳಿ ಬೆನ್ನಿಗೇ ಬಂದವು. ಕೊಡಿಗೇನಹಳ್ಳಿ, ಹೆಸರಲ್ಲೇ ಕನ್ನಡ, ನಮ್ಮ ಗಡಿಯ ಪಕ್ಕದ್ದು. 1985ರಲ್ಲಿ ಇದೇ ಪಿ. ವಿ. ದೆಹಲಿಯಲ್ಲಿ ಶಿಕ್ಷಣದ ಖಾತೆ ಹಿಡಿದಾಗ ಸರ್ವೈಲ್ ಮಾದರಿ ದೇಶದ ಮಟ್ಟಕ್ಕೆ ಹೋಯಿತು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ನವೋದಯಗಳು ಶುರುವಾದವು, 1986ರ ಶಿಕ್ಷಣ ನೀತಿ ಅದನ್ನು ಜಿಲ್ಲೆಗೊಂದು ಮಾಡಿತು. ಈಗ 650ಕ್ಕೂ ಹೆಚ್ಚಿವೆ. ಸೀಟುಗಳಲ್ಲಿ ಮೂರರಲ್ಲೊಂದು ಹೆಣ್ಣುಮಕ್ಕಳಿಗೆ ಎಂಬ ನಿಯಮ ಇದೆ. ಹೆಣ್ಣುಮಗಳನ್ನು ಹನ್ನೊಂದನೇ ವಯಸ್ಸಿಗೆ ಹಾಸ್ಟೆಲಿಗೆ ಕಳಿಸಲು ಒಪ್ಪದ ಎಷ್ಟೋ ಹಳ್ಳಿಯ ಅಪ್ಪಂದಿರು ಈ ನಿಯಮದಿಂದಾಗಿ ಯೋಚನೆಯನ್ನಾದರೂ ಮಾಡಿದರು. ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗಿ ಬರುತ್ತಾರೆ. ಕರ್ನಾಟಕದ ನವೋದಯಗಳನ್ನು ನೋಡಿಕೊಳ್ಳುವ ಪ್ರಾದೇಶಿಕ ಕಚೇರಿ ಇರುವುದು ನಮ್ಮ ಹೈದರಾಬಾದಿನಲ್ಲೇ. ರಂಗಾರೆಡ್ಡಿ ಜಿಲ್ಲೆಯ ನವೋದಯ ಗೋಪನಪಲ್ಲಿಯಲ್ಲಿ, ಕೊಂಡಾಪುರದಿಂದ ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆಯ ದಾರಿ. ಅಲ್ಲಿಗೆ ಹತ್ತಿರವೇ ಗೌಲಿದೊಡ್ಡಿ, ಕನ್ನಡ ಕಿವಿಗೆ ಗೌಳಿಗರ ದೊಡ್ಡಿ ಎಂದೇ ಕೇಳುವ ಊರು. ಅಲ್ಲಿ ತೆಲಂಗಾಣದ ಸಮಾಜ ಕಲ್ಯಾಣ ಗುರುಕುಲದ ಮಕ್ಕಳನ್ನು ಐಐಟಿ, ಮೆಡಿಕಲ್ಲಿಗೆ ತಯಾರು ಮಾಡುವ ವಸತಿ ಶಾಲೆ ಇದೆ.

ನವೋದಯದ ಪ್ರಶ್ನೆಪತ್ರಿಕೆಯನ್ನು ನಾನು ಆ ಹುಡುಗಿಯ ಜೊತೆ ಕೂತು ಮೊದಲ ಸಲ ನೋಡಿದೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಅಂದರೆ 40 ಪ್ರಶ್ನೆ, ಬರೀ ಚಿತ್ರಗಳು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಹಾಳೆಯನ್ನು ಹೀಗೆ ಮಡಚಿ ಇಲ್ಲಿ ತೂತು ಹೊಡೆದು ಬಿಚ್ಚಿದರೆ ಎಲ್ಲೆಲ್ಲಿ ತೂತು ಇರುತ್ತವೆ. ಉಳಿದದ್ದು ಗಣಿತ ಮತ್ತು ಭಾಷೆ. ಚಿತ್ರಗಳಿಗೆ ಭಾಷೆ ಬೇಡ, ಆದ್ದರಿಂದ ಯಾವ ಮನೆಯ ಮಗುವಿಗೂ ಅನ್ಯಾಯವಾಗದು ಎಂಬುದು ಅದರ ಹಿಂದಿನ ಯೋಚನೆ. ಒಳ್ಳೆಯ ಯೋಚನೆ. ಆದರೆ ಕೊಂಡಾಪುರದ ಯಾವ ಬೀದಿಯಲ್ಲಿ ಹೋದರೂ ಆ ಚಿತ್ರಗಳನ್ನು ಎರಡು ವರ್ಷ ತಿದ್ದಿ ತೀಡಿಸುವ ಕೋಚಿಂಗ್ ಸಿಗುತ್ತದೆ. ಮೊದಲ ಸಲ ನೋಡಿದ ಮಗುವಿಗೆ ಅದು ಬುದ್ಧಿಯ ಪರೀಕ್ಷೆ, ಸಾವಿರ ಸಲ ನೋಡಿದ ಮಗುವಿಗೆ ಅದು ಮಗ್ಗಿ.

ನಮ್ಮ ಸುತ್ತಲಿನ ಖಾಸಗಿ ಶಾಲೆಗಳ ಬಗ್ಗೆ ನಾವು ತಾಯಂದಿರು ಭೇಟಿಯಾದಾಗ ಮಾತಾಡುತ್ತಲೇ ಇರುತ್ತೇವೆ. ಸೇರಿಸಿಕೊಳ್ಳುವಾಗ ಮಗುವನ್ನೋ ಪೋಷಕರನ್ನೋ ಪರೀಕ್ಷಿಸಿ ಆರಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಹೇಳುತ್ತದೆ. ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ಒಂದು ಶಾಲೆಯವರು 'ಇಂಟರ್‌ಆಕ್ಷನ್' ಎಂದು ಕರೆದು ಅವನಿಗೆ ಒಂದರಿಂದ ನೂರು ಬರೆಸಿದರು, ನಮ್ಮಿಬ್ಬರ ಡಿಗ್ರಿ ಕೇಳಿದರು. ಆರನೇ ತರಗತಿ ಬಂದ ಕೂಡಲೇ ಅಂಕ ನೋಡಿ ಸೆಕ್ಷನ್, ಮೇಲಿನ ಸೆಕ್ಷನ್ನಿಗೆ ಐಐಟಿ ಫೌಂಡೇಶನ್. ಅದನ್ನೇ ಪ್ರತಿಭಾವಂತರ ಯೋಜನೆ ಎಂದು ಕರೆಯುತ್ತಾರೆ. ಅಲ್ಲಿ ಆಗುವುದು ಎಂಟನೆಯದರ ಗಣಿತವನ್ನು ಆರರಲ್ಲಿ ಮುಗಿಸುವುದು. ಹಾಲಿಂಗ್‌ವರ್ತ್ ನೋಡಿದ್ದರೆ ಏನನ್ನುತ್ತಿದ್ದಳೋ! ನಾನೂ ನನ್ನ ಮಗನನ್ನು ಆ ಸೆಕ್ಷನ್ನಿಗೆ ಸೇರಿಸಲು ಒದ್ದಾಡಿದವಳೇ, ಸುಳ್ಳು ಹೇಳುವುದಿಲ್ಲ.

ಬೇರೆ ದಾರಿ ಹಿಡಿದವರು ಇಲ್ಲದಿಲ್ಲ. ಪುಣೆಯಲ್ಲಿ ಅಪ್ಪಾ ಪೆಂಡ್ಸೆ 1962ರಲ್ಲಿ ಕಟ್ಟಿದ ಜ್ಞಾನಪ್ರಬೋಧಿನಿ, ಬುದ್ಧಿಯ ಹಲವು ಮುಖಗಳನ್ನು ನೋಡುವ ಪರೀಕ್ಷೆಗಳನ್ನು ಮಾಡಿ ಮಕ್ಕಳನ್ನು ಆರಿಸಿ, ಓದಿನ ಜೊತೆ ಹಳ್ಳಿಯ ಕೆಲಸಕ್ಕೂ ಕರೆದೊಯ್ಯುವ ಪದ್ಧತಿ ಬೆಳೆಸಿತು. ಬೆಂಗಳೂರಿನಲ್ಲಿ ನಿಯಾಸ್ ಸಂಸ್ಥೆಯ ಅನಿತಾ ಕುರುಪ್ ಅವರ ತಂಡ 2010ರ ನಂತರ, ನಮ್ಮ ದೇಶದ ಮಕ್ಕಳಲ್ಲಿ ಪ್ರತಿಭೆ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ಮಕ್ಕಳನ್ನೇ ನೋಡಿ, ಶಿಕ್ಷಕರು ಗುರುತಿಸಲು ನೆರವಾಗುವ ಸಾಧನಗಳನ್ನು ರೂಪಿಸಿತು. ಶಿಕ್ಷಕರ ಕಣ್ಣಿಗೂ ತರಬೇತಿ ಬೇಕು. 1959ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಪೆಗ್ನಾಟೊ ಮತ್ತು ಬರ್ಚ್ ನಡೆಸಿದ ಅಧ್ಯಯನದಲ್ಲಿ ಶಿಕ್ಷಕರು ಪಟ್ಟಿ ಮಾಡಿದ ಹೆಸರುಗಳಲ್ಲಿ ನಿಜಕ್ಕೂ ಅತಿ ಬುದ್ಧಿವಂತರಾದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇರಲೇ ಇಲ್ಲ. ಒಂದು ದಿನದ ಅಂಕವಷ್ಟೇ ಪ್ರತಿಭೆಯಲ್ಲ, ಸಾಮರ್ಥ್ಯ, ಸೃಜನಶೀಲತೆ, ಹಿಡಿದದ್ದನ್ನು ಬಿಡದ ಹಟ ಮೂರೂ ಕೂಡಿದಾಗ ಪ್ರತಿಭೆ ಎಂದು 1978ರಲ್ಲಿ ಜೋಸೆಫ್ ರೆಂಜುಲಿ ಬರೆದ. 2020ರ ನಮ್ಮ ಶಿಕ್ಷಣ ನೀತಿಯೂ ಪ್ರತಿಭಾವಂತ ಮಕ್ಕಳಿಗೆ ಶಿಕ್ಷಕರು ಹೆಚ್ಚುವರಿ ಸಾಮಗ್ರಿ ಕೊಡಬೇಕು, ಬಿ.ಎಡ್. ಓದುವಾಗಲೇ ಇದರಲ್ಲಿ ವಿಶೇಷ ಅಧ್ಯಯನಕ್ಕೆ ಅವಕಾಶವಿರಬೇಕು ಎನ್ನುತ್ತದೆ.

ನೀತಿ ದೆಹಲಿಯಲ್ಲಿ ಬರೆದದ್ದು. ನಮ್ಮ ವಾಚ್‌ಮನ್ ಮಗಳ ತರಗತಿಯಲ್ಲಿ ಪಠ್ಯಪುಸ್ತಕದ ಒಂದು ಪುಟ ಇಂಗ್ಲಿಷ್, ಎದುರಿನ ಪುಟ ತೆಲುಗು. ಅವಳು ಲೆಕ್ಕವನ್ನು ಮನಸ್ಸಿನಲ್ಲಿ ಮಾಡುವುದು ಯಾದಗಿರಿ ಕನ್ನಡದಲ್ಲಿ. ಉತ್ತರವನ್ನು ತೆಲುಗಿನಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯಬೇಕು. ಇವಳು ಶಾಣ್ಯಾ ಎಂದು ಗುರುತಿಸಿದ ಆ ಟೀಚರಮ್ಮನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವರಿಗೆ ಕನ್ನಡ ಬಾರದು. ಮೂರು ಭಾಷೆಗಳ ಗೋಡೆಯಾಚೆ ಆ ಮಗುವಿನ ಚುರುಕು ಅವರಿಗೆ ಕಂಡಿತಲ್ಲ.

ಪರೀಕ್ಷೆ ಜನವರಿಯಲ್ಲಿ ಆಯಿತು. ಕೇಂದ್ರದ ಹೊರಗೆ ಕಾರುಗಳ ಸಾಲು. ಹೊರಗೆ ಬಂದವಳು ಚಿತ್ರದ ಪ್ರಶ್ನೆಗಳೆಲ್ಲ ಮುಗಿದವು, ಭಾಷೆಯದರಲ್ಲಿ ಹೊತ್ತು ಸಾಲಲಿಲ್ಲ ಎಂದಳು. ಪಟ್ಟಿ ಬಂದಾಗ ಅವಳ ನಂಬರ್ ಅದರಲ್ಲಿರಲಿಲ್ಲ. ಆರನೇ ತರಗತಿಯ ಆ ಪರೀಕ್ಷೆಗೆ ಎರಡನೇ ಸಲ ಕೂರುವಂತಿಲ್ಲ. "ಇರ್ಲಿ ಬಿಡ್ರಿ ಅಕ್ಕೋರ, ಎಲ್ಲಾರ್ಗೂ ಎಲ್ಲಿ ಸಿಗ್ತೈತಿ" ಎಂದು ಅವಳ ಅಪ್ಪನೇ ನನ್ನನ್ನು ಸಮಾಧಾನ ಮಾಡಿದರು.

ಇನ್ನು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ ಶಾಲೆಯ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಅಲ್ಲಿಯವರೆಗೆ ಅವಳು ಇದೇ ಊರಿನಲ್ಲಿ ಇರುತ್ತಾಳೋ, ಅಪ್ಪ ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೋ ಗೊತ್ತಿಲ್ಲ. ಸದ್ಯ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಾಳೆ. ನಾನು ಕನ್ನಡದಲ್ಲಿ ಓದಿಸುತ್ತೇನೆ, ಮಗ ಗಣಿತದ ಒಗಟುಗಳನ್ನು ಕೊಡುತ್ತಾನೆ. ಕಳೆದ ವಾರ ಅವಳು ಒಂದು ಹಾಳೆಯನ್ನು ಐದು ಸಲ ಮಡಚಿ, ಕತ್ತರಿಯಿಂದ ಒಂದೇ ಒಂದು ಮೂಲೆ ಕತ್ತರಿಸಿ, "ಬಿಚ್ಚಿದ್ರ ಎಷ್ಟು ತೂತು ಇರ್ತಾವ, ಎಲ್ಲೆಲ್ಲಿ ಇರ್ತಾವ, ಹೇಳ್ರಿ ನೋಡೋಣ" ಎಂದು ನನ್ನ ಮುಂದೆ ಇಟ್ಟು ಹೋದಳು. ಬಿಚ್ಚಿ ನೋಡಬಾರದಂತೆ. ಹಾಳೆ ಇನ್ನೂ ಫ್ರಿಜ್ಜಿನ ಮೇಲೆ ಮಡಚಿಕೊಂಡೇ ಇದೆ.